ಕಳ್ಳಿ ಸಿಕ್ಕಿದಳು, ನಿಮಗೆಲ್ಲ ಥ್ಯಾಂಕ್ಸ್

ಮುಗಿಯಿತು. ಮೂರು ವರ್ಷದಿಂದ ಬರೆಯುತ್ತಿದ್ದ ಪತ್ತೇದಾರಿ ಕಾದಂಬರಿಯ ಕೊನೆಯ ಅಧ್ಯಾಯ ಮೊನ್ನೆ ರಾತ್ರಿ ಬರೆದು ಮುಗಿಸಿದೆ. ಆಮೇಲೆ ನಿದ್ದೆಯೇ ಬರಲಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋಣ ಅಂದುಕೊಂಡಿದ್ದೆ, ಆದರೆ ಎಲ್ಲರೂ ಕೇಳುವ ಹಾಗೆ ಹೇಳುವುದೇ ಸರಿ ಅನಿಸಿತು.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಲೆಸ್ಬಿಯನ್ ಹೆಂಗಸರ ಒಂದು ಸಂಘ. ಸಂಘದ ದುಡ್ಡಿನ ಡಬ್ಬಿ ಕಾಣೆಯಾಗುತ್ತದೆ. ಹುಡುಕುವ ಕೆಲಸ ಬೀಳುವುದು ನಡಾವಳಿ ಬರೆಯುವವಳ ಮೇಲೆ, ಯಾಕೆಂದರೆ ಅವತ್ತು ಯಾರು ಎಲ್ಲಿ ಕೂತಿದ್ದರು, ಯಾರು ಮಧ್ಯದಲ್ಲಿ ಎದ್ದು ಹೋದರು ಅನ್ನೋದೆಲ್ಲ ಅವಳ ಪುಸ್ತಕದಲ್ಲಿ ಮಾತ್ರ ಇದೆ. ಅನುಮಾನ ಬೀಳುವವರಲ್ಲಿ ಒಬ್ಬಳು ಅವಳ ಹಳೇ ಸಂಗಾತಿ, ಇನ್ನೊಬ್ಬಳು ಆ ಹಳೇ ಸಂಗಾತಿಯ ಈಗಿನ ಸಂಗಾತಿ, ಮತ್ತೊಬ್ಬಳು ಆ ಇಬ್ಬರಿಗೂ ಮನೆ ಬಾಡಿಗೆಗೆ ಕೊಟ್ಟವಳು. ವಿಚಾರಣೆ ಮಾಡಬೇಕೋ ಬೇಡವೋ ಅಂತ ಮೊದಲು ಮೀಟಿಂಗ್ ಕರೆಯಬೇಕು. ಮೀಟಿಂಗಿನಲ್ಲಿ ಒಬ್ಬರು ಬೇಡ ಅಂದರೂ ಮುಂದೆ ಹೋಗುವ ಹಾಗಿಲ್ಲ.

ನಾಲ್ಕನೇ ಅಧ್ಯಾಯವನ್ನು ಮೊದಲ ಸಲ ಓದಿದಾಗ ಕೋಣೆಯಲ್ಲಿ ನಮ್ಮ ಗುಂಪಿನ ಹನ್ನೊಂದು ಜನ ಇದ್ದರು. 'ಕಳ್ಳಿ' ಅನ್ನಬೇಕೋ 'ಡಬ್ಬಿ ತೆಗೆದುಕೊಂಡ ಸಂಗಾತಿ' ಅನ್ನಬೇಕೋ ಅಂತ ಸಂಘದವರು ಮೂರು ಗಂಟೆ ಜಗಳ ಆಡುವ ಅಧ್ಯಾಯ ಅದು. ಅವತ್ತು ನೀವು ನಕ್ಕಿದ್ದು ನನಗೆ ಈಗಲೂ ಕಿವಿಯಲ್ಲಿದೆ. ಅಂಥ ಮೀಟಿಂಗಿನಲ್ಲಿ ಕೂತು ಸುಸ್ತಾದವರು ಮಾತ್ರ ಹಾಗೆ ನಗೋದಕ್ಕೆ ಸಾಧ್ಯ. ಹನ್ನೊಂದು ಜನಕ್ಕೂ ಮೊದಲ ಥ್ಯಾಂಕ್ಸ್.

ಆದರೆ ಅವತ್ತು ಒಬ್ಬಳು ನಗಲಿಲ್ಲ. ನಮ್ಮಲ್ಲೇ ಚಿಕ್ಕವಳು. ಓದು ಮುಗಿಯುವ ಮೊದಲೇ ಎದ್ದು ಹೋದಳು. ಅವಳ ಗೆಳತಿಯರು ಆಮೇಲೆ ನನಗೆ ಹೇಳಿದರು, ಕಥೆಯಲ್ಲಿ ಪ್ರತಿ ಮೀಟಿಂಗಿನ ಮಧ್ಯದಲ್ಲಿ ಚೀಲ ಎತ್ತಿಕೊಂಡು ಓಡುವ ಹುಡುಗಿ ಇದ್ದಾಳಲ್ಲ, ಅದು ಅವಳೇ ಅಂತ. ಅವಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನಾನು ಬರೆದಿರಲಿಲ್ಲ. ಆದರೂ ಅವಳು ತಪ್ಪು ತಿಳಿದಿರಲಿಲ್ಲ. ಆ ಓಟ ನಾನು ಎಲ್ಲಿಂದಲೋ ನೋಡಿಯೇ ಬರೆದಿದ್ದು, ಅಲ್ವಾ.

ಅಲ್ಲಿಂದ ಗುಂಪು ಎರಡಾಯಿತು. ನಮ್ಮ ಜಗಳವನ್ನು ಹೊರಗಿನವರ ಮುಂದೆ ಯಾಕೆ ಇಡಬೇಕು, ಅವರು ಮೊದಲೇ ನಮ್ಮನ್ನು ನೋಡಿ ನಗುತ್ತಾರೆ ಅಂದರು ಕೆಲವರು. ನಮ್ಮ ಬಗ್ಗೆ ನಾವು ನಗದಿದ್ದರೆ ಇನ್ಯಾರು ನಗಬೇಕು ಅಂದರು ಉಳಿದವರು. ಎರಡು ಮೀಟಿಂಗ್ ಇದರಲ್ಲೇ ಹೋಯಿತು. ಎರಡನೆಯದು ಮುಗಿಸಿ ಮನೆಗೆ ಬಂದವಳು ನಾಲ್ಕು ತಿಂಗಳು ಒಂದು ಸಾಲೂ ಬರೆಯಲಿಲ್ಲ. ಆ ನಾಲ್ಕು ತಿಂಗಳು ಕಷ್ಟದ್ದು. ಬರೆಯುವುದು ನಿಂತಿದ್ದಕ್ಕಿಂತ, ನನ್ನವರು ಅಂದುಕೊಂಡವರ ಮುಂದೆ ಬಾಯಿ ಬಿಡಲು ಹೆದರಿಕೆ ಆಗಿದ್ದು ಜಾಸ್ತಿ ನೋವಾಯಿತು.

ಆಗ ನಮ್ಮ ಹಿರಿಯ ಅಕ್ಕ ಒಬ್ಬರು ಮೂರು ಪುಸ್ತಕ ತಂದು ಮೇಜಿನ ಮೇಲೆ ಇಟ್ಟರು. ಮೂರೂ ಅಮೆರಿಕದಲ್ಲಿ 1984ರಲ್ಲಿ ಬಂದವು. ಬಾರ್ಬರಾ ವಿಲ್ಸನ್ ಅವರ 'ಮರ್ಡರ್ ಇನ್ ದ ಕಲೆಕ್ಟಿವ್' ನಡೆಯುವುದೇ ಎಲ್ಲರೂ ಸೇರಿ ನಡೆಸುವ ಒಂದು ಮುದ್ರಣಾಲಯದಲ್ಲಿ. ಅದನ್ನೂ ಲೆಸ್ಬಿಯನ್ನರ ಅಕ್ಷರ ಜೋಡಣೆಯ ಗುಂಪನ್ನೂ ಒಂದು ಮಾಡಬೇಕೋ ಬೇಡವೋ ಅನ್ನುವ ಗಲಾಟೆಯ ನಡುವೆ ಕೊಲೆ ಆಗುತ್ತದೆ. ಸಾರಾ ಶುಲ್ಮನ್ ಅವರ ಸೋಫಿ ಹೊರೊವಿಟ್ಜ್ ಹೆಂಗಸರ ಪತ್ರಿಕೆಯೊಂದರ ವರದಿಗಾರ್ತಿ, ತನ್ನದೇ ಚಳವಳಿಯವರ ಹಿಂದೆ ಬಿದ್ದು ನಗಿಸುತ್ತಾ ಹುಡುಕುತ್ತಾಳೆ. ಕ್ಯಾಥರಿನ್ ಫಾರೆಸ್ಟ್ ಅವರ ಕೇಟ್ ಡೆಲಫೀಲ್ಡ್ ಲಾಸ್ ಏಂಜಲಿಸ್ ಪೊಲೀಸ್ ಇಲಾಖೆಯವಳು. ಕೊಲೆಗಾರರನ್ನು ಹಿಡಿಯುತ್ತಾಳೆ, ತಾನು ಯಾರು ಅಂತ ಮಾತ್ರ ಕೆಲಸದ ಜಾಗದಲ್ಲಿ ಹೇಳಲಾರಳು. ಕೊನೆಯ ಎರಡು ಪುಸ್ತಕ ತಂದದ್ದು ನಾಯಡ್ ಪ್ರೆಸ್, 1973ರಲ್ಲಿ ಲೆಸ್ಬಿಯನ್ ಹೆಂಗಸರೇ ಶುರು ಮಾಡಿದ್ದು. ಮೊದಲನೆಯದನ್ನು ತಂದ ಸೀಲ್ ಪ್ರೆಸ್ಸನ್ನು ಕಟ್ಟಿದವರಲ್ಲಿ ಬಾರ್ಬರಾ ವಿಲ್ಸನ್ ಅವರೇ ಒಬ್ಬರು. ಅಂದರೆ ಮುದ್ರಣದ ಕೆಲಸವೂ ಗೊತ್ತು, ಒಟ್ಟಿಗೆ ಸೇರಿ ಕೆಲಸ ಮಾಡುವವರ ಜಗಳವೂ ಗೊತ್ತು. ಗೊತ್ತಿದ್ದನ್ನೇ ಬರೆದರು.

ಅಕ್ಕ ಹೇಳಿದ್ದು ಒಂದೇ ಮಾತು. "ಇವರು ಮೊದಲು ಬರೆದಿದ್ದು ಮನೆಯವರಿಗೆ. ಹೊರಗಿನವರು ಆಮೇಲೆ ಬಂದು ಓದಿದರು." ಅಕ್ಕ, ಆ ಮಾತಿಗೆ ನಾನು ಏನು ಕೊಟ್ಟರೂ ಕಮ್ಮಿ.

ಅದಾಗಿ ಎರಡು ವಾರಕ್ಕೆ ಎದ್ದು ಹೋಗಿದ್ದ ಹುಡುಗಿಯೇ ಬಾಗಿಲು ತಟ್ಟಿದಳು. ಕೈಯಲ್ಲಿ ನನ್ನ ಹಸ್ತಪ್ರತಿ. ಅಷ್ಟೂ ಪುಟ ಓದಿದ್ದಳು, ಅಂಚಿನಲ್ಲೆಲ್ಲ ಸೀಸದ ಕಡ್ಡಿಯಲ್ಲಿ ಬರೆದಿದ್ದಳು. 'ಇಲ್ಲಿ ನಗು ಬಂತು.' 'ಇಲ್ಲಿ ತುಂಬಾ ನಗು ಬಂತು.' ನಾಲ್ಕನೇ ಅಧ್ಯಾಯದಲ್ಲಿ, ಚೀಲ ಎತ್ತಿಕೊಂಡು ಓಡುವ ಸಾಲಿನ ಪಕ್ಕದಲ್ಲಿ, ಕಡ್ಡಿಯನ್ನು ಒತ್ತಿ ಒತ್ತಿ ಬರೆದಿದ್ದಳು: 'ಕೊನೇ ಬಸ್ಸು ಒಂಬತ್ತಕ್ಕೆ. ಮನೆಯಲ್ಲಿ ನನ್ನ ವಿಷಯ ಗೊತ್ತಿಲ್ಲ.'

ಅದನ್ನು ಓದಿ ಸುಮ್ನೆ ಕೂತುಬಿಟ್ಟೆ. ಎಷ್ಟು ಮೀಟಿಂಗಿನಲ್ಲಿ ನಾವು ದೊಡ್ಡ ತೀರ್ಮಾನಗಳನ್ನೆಲ್ಲ ರಾತ್ರಿ ಹತ್ತಕ್ಕೆ ಮಾಡಿದ್ದೇವೆ ಹೇಳಿ. ತಡವಾಗಿ ಮನೆಗೆ ಹೋದರೂ ಕೇಳುವವರಿಲ್ಲದವರು, ಸ್ವಂತ ಗಾಡಿ ಇರುವವರು ಉಳಿದುಕೊಂಡು ತೀರ್ಮಾನ ಮಾಡಿದ್ದನ್ನೇ 'ಎಲ್ಲರ ಒಪ್ಪಿಗೆ' ಅಂತ ಬರೆದುಕೊಂಡಿದ್ದೇವೆ.

ಅವಳ ಆ ಎರಡು ಸಾಲೇ ನನ್ನ ಕಾದಂಬರಿಯ ಗಂಟು ಬಿಚ್ಚಿದ್ದು. ನಡಾವಳಿ ಪುಸ್ತಕದಲ್ಲಿ ನನ್ನ ಪತ್ತೇದಾರಿ 'ಮಧ್ಯದಲ್ಲಿ ಎದ್ದು ಹೋದಳು' ಅಂತ ಬರೆದಿರುತ್ತಾಳೆ. ಯಾಕೆ ಹೋದಳು ಅಂತ ಕೇಳಿಯೇ ಇರುವುದಿಲ್ಲ. ಎಲ್ಲರೂ ಆ ಹುಡುಗಿಯ ಮೇಲೆ ಅನುಮಾನಪಡುವುದು ಅದೇ ಸಾಲಿನಿಂದ. ಕೊನೆಗೆ ಪತ್ತೇದಾರಿ ಸ್ವತಃ ಒಂಬತ್ತರ ಬಸ್ಸು ಹತ್ತಿ ಹೋಗಿ ನೋಡಿದಾಗ ಗೊತ್ತಾಗುತ್ತದೆ, ಡಬ್ಬಿ ಒಂಬತ್ತೂವರೆಗೂ ಮೇಜಿನ ಮೇಲೇ ಇತ್ತು, ಆಗ ಅಲ್ಲಿ ಇದ್ದವರು ಯಾವಾಗಲೂ ಕೊನೆಯವರೆಗೂ ಉಳಿಯುವವರು ಮಾತ್ರ. ಕಳ್ಳಿ ಯಾರು ಅಂತ ಹೇಳುವುದಿಲ್ಲ, ಓದಿ. ನಗು ಹೋಗಿಲ್ಲ. ಜಾಸ್ತಿಯೇ ಆಗಿದೆ, ಯಾಕೆಂದರೆ ಈಗ ಓಡುವುದು ಆ ಹುಡುಗಿಯಲ್ಲ, ಬಸ್ಸಿನ ಹಿಂದೆ ನಡಾವಳಿ ಪುಸ್ತಕ ಹಿಡಿದುಕೊಂಡು ಪತ್ತೇದಾರಿ.

ಪೊಲೀಸರನ್ನು ಕರೆಯಬೇಕೋ ಬೇಡವೋ ಅನ್ನುವ ಅಧ್ಯಾಯಕ್ಕೆ ನನ್ನ ಜೊತೆ ಒಂದಿಡೀ ರಾತ್ರಿ ಫೋನಿನಲ್ಲಿ ವಾದ ಮಾಡಿದ ಗೆಳತಿಗೆ ಥ್ಯಾಂಕ್ಸ್. ನನ್ನ ಹಳೇ ಸಂಗಾತಿಗೆ ಕೂಡ. ಕಥೆಯಲ್ಲಿ ಬರುವ 'ಹಳೇ ಸಂಗಾತಿ'ಯನ್ನು ಓದಿ ಬೇಜಾರಾಗ್ತಾಳೆ ಅಂದುಕೊಂಡಿದ್ದೆ, ಅವಳು ಮಾತ್ರ "ಇವಳ ಮಾತು ಇಷ್ಟು ಸಪ್ಪೆ ಯಾಕೆ" ಅಂತ ಕೂತು ಎರಡು ಪುಟದ ಮಾತು ಹೇಳಿಕೊಟ್ಟಳು. ಈಗ ಅದೇ ಎಲ್ಲರಿಗೂ ಇಷ್ಟದ ಜಾಗ. ಮನೆಯಲ್ಲಿ ಅದೇ ಅಧ್ಯಾಯವನ್ನು ಆರು ಸಲ ಕೇಳಿಸಿಕೊಂಡು ಆರನೇ ಸಲವೂ ನಕ್ಕ ನನ್ನವಳಿಗೆ ಇಲ್ಲಿ ಬರೆಯುವುದಿಲ್ಲ, ಅವಳಿಗೆ ಗೊತ್ತು.

ಇನ್ನು, ಈ ಕಾದಂಬರಿ ಬೇಡ ಅಂದವರು. ನಿಮ್ಮಲ್ಲಿ ಇಬ್ಬರು ಈಗಲೂ ಒಪ್ಪಿಲ್ಲ. ಆದರೂ ಪ್ರತಿ ಓದಿಗೂ ಬಂದಿರಿ, ಹಿಂದಿನ ಸಾಲಿನಲ್ಲಿ ಕೂತು ಪೂರ್ತಿ ಕೇಳಿದಿರಿ, ಬೇಡ ಅನಿಸಿದ್ದನ್ನು ನನ್ನ ಮುಖಕ್ಕೇ ಹೇಳಿದಿರಿ. ನನ್ನ ಬೆನ್ನ ಹಿಂದೆ ಒಂದು ಮಾತೂ ಆಡಲಿಲ್ಲ. ನಿಮ್ಮ ಭಯ ನಿಜದ್ದು ಅಂತ ನನಗೆ ಗೊತ್ತು. ಪ್ರತಿ ತಮಾಷೆಯನ್ನೂ ನಿಮ್ಮ ಮುಖ ನೆನಪಿಸಿಕೊಂಡು ಇನ್ನೊಂದು ಸಲ ಓದಿದ್ದೇನೆ. ಏಳು ತೆಗೆದುಹಾಕಿದೆ.

ಕೊನೆಯ ಅಧ್ಯಾಯ ಮುಂದಿನ ಭಾನುವಾರ ಓದುತ್ತೇನೆ. ನಾಲ್ಕು ಗಂಟೆಗೆ ಶುರು, ಏಳೂವರೆಗೆ ಮುಗಿಯುತ್ತದೆ. ಚರ್ಚೆಯೂ ಅಷ್ಟರೊಳಗೇ.