ನಡೆಯಲಾಗದವರನ್ನು ಹೊರತರುವ ಯೋಜನೆ ಎಲ್ಲಿದೆ?

ಮಾನ್ಯ ಸಂಪಾದಕರೇ,

ನನ್ನ ತಾಯಿ ತಮ್ಮ ಕೊನೆಯ ಎರಡು ವರ್ಷಗಳನ್ನು ಕಳೆದ ಆರೈಕೆ ಕೇಂದ್ರದಲ್ಲಿ, ಅವರ ಮಂಚದ ಎದುರು ಗೋಡೆಗೆ ತುರ್ತು ನಿರ್ಗಮನದ ನಕ್ಷೆಯೊಂದನ್ನು ತೂಗುಹಾಕಿದ್ದರು. ‘ಲಿಫ್ಟ್ ಬಳಸಬೇಡಿ, ಮೆಟ್ಟಿಲಿನಿಂದ ಇಳಿಯಿರಿ’ ಎಂದು ಅದರಡಿ ಬರೆದಿತ್ತು. ಮಗ್ಗುಲು ಬದಲಿಸಲೂ ಆಗದವರು ಇದನ್ನು ಓದಿ ಮಾಡುವುದೇನು ಎಂದು ಕೇಳಿದಾಗ, ರಾತ್ರಿ ಪಾಳಿಯ ಸಿಸ್ಟರ್ ‘ಇಪ್ಪತ್ತಾರು ಮಂಚ, ನಾವಿಬ್ಬರು’ ಎಂದಷ್ಟೇ ಹೇಳಿ ಮುಂದಿನ ಮಂಚದತ್ತ ಸರಿದರು.

ಆಸ್ಪತ್ರೆ, ವೃದ್ಧಾಶ್ರಮಗಳ ಬಹುತೇಕ ಯೋಜನೆಗಳು ಆ ಲೆಕ್ಕವನ್ನು ಮಾಡಿಯೇ ಇರುವುದಿಲ್ಲ. ಕಚೇರಿಯಲ್ಲಿ ಗಂಟೆ ಬಾರಿಸಿದರೆ ಎಲ್ಲರೂ ಎದ್ದು ಹೊರನಡೆಯುತ್ತಾರೆ, ವಾರ್ಡಿನಲ್ಲಿ ಹಾಗಾಗದು. ಅದಕ್ಕೇ ಅಗ್ನಿಸುರಕ್ಷತೆಯ ತಜ್ಞರು ರೋಗಿಗಳನ್ನು ಮೊದಲು ಕೆಳಗಿಳಿಸುವ ಬದಲು ಅದೇ ಅಂತಸ್ತಿನಲ್ಲಿ ಪಕ್ಕಕ್ಕೆ ಸಾಗಿಸಬೇಕೆನ್ನುತ್ತಾರೆ. ಮಹಡಿಯನ್ನು ಬೆಂಕಿ ತಡೆಯುವ ಗೋಡೆ ಮತ್ತು ಹೊಗೆ ತಡೆಯುವ ಬಾಗಿಲುಗಳಿಂದ ಎರಡು ಮೂರು ಭಾಗ ಮಾಡಿದ್ದರೆ, ಚಕ್ರವಿರುವ ಮಂಚವನ್ನು ರೋಗಿಯ ಸಮೇತ ಬಾಗಿಲಾಚೆಗೆ ತಳ್ಳಿ ಬಾಗಿಲು ಮುಚ್ಚಿದರೆ ಸಾಕು, ಮುಂದಿನ ಕೆಲಸಕ್ಕೆ ಸಮಯ ಸಿಗುತ್ತದೆ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಹೊತ್ತಿಕೊಂಡ ಬೆಂಕಿಗೆ ಸುಮಾರು 90 ಮಂದಿ ಬಲಿಯಾದರು. ಅವರಲ್ಲಿ ಹೆಚ್ಚಿನವರು ಮೇಲಿನ ಅಂತಸ್ತುಗಳಿಗೆ ಏರಿದ ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ಇಷ್ಟಾದರೂ, ಟ್ರಾಲಿ ಓಡಾಡಲು ಅಡ್ಡಿಯೆಂದು ಹೊಗೆ ತಡೆಯುವ ಬಾಗಿಲಿಗೆ ಸ್ಟೂಲ್ ಆನಿಸಿ ಹಗಲಿರುಳೂ ತೆರೆದಿಡುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ.

ಕೆಳಗಿಳಿಸಲೇಬೇಕಾದಾಗ ಹಾಸಿಗೆಯ ಅಡಿಯಲ್ಲಿ ಪಟ್ಟಿಗಳಿರುವ ಗಟ್ಟಿ ಬಟ್ಟೆಯ ಹಾಳೆ ಹಾಕಿ, ರೋಗಿಯನ್ನು ಅದರಲ್ಲೇ ಬಿಗಿದು, ಮೆಟ್ಟಿಲ ಮೇಲೆ ಜಾರಿಸಿಕೊಂಡು ಹೋಗುವ ವಿಧಾನವಿದೆ. ತಿರುವಿನಲ್ಲಿ ತಲೆಯ ಕಡೆಯವರು ನಿಂತು ಕಾಲಿನ ಕಡೆಯವರು ಸುತ್ತಿಬರಬೇಕು. ಇದು ಕೈಗೆ ಅಭ್ಯಾಸವಾಗದೆ ಬರುವ ವಿದ್ಯೆಯಲ್ಲ. ಅಣಕು ಕಾರ್ಯಾಚರಣೆಯೋ, ಮುಖ್ಯ ಅತಿಥಿ, ಛಾಯಾಗ್ರಾಹಕರ ಸಮ್ಮುಖದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ನಡೆಯುತ್ತದೆ. ಅದು ನಡೆಯಬೇಕಾದದ್ದು ರಾತ್ರಿ ಎರಡು ಗಂಟೆಗೆ, ಆ ಹೊತ್ತಿಗೆ ಪಾಳಿಯಲ್ಲಿರುವಷ್ಟೇ ಜನರಿಂದ, ಸಿಬ್ಬಂದಿಯಲ್ಲೊಬ್ಬರನ್ನು ರೋಗಿಯಾಗಿ ಮಲಗಿಸಿಕೊಂಡು.

ಕಟ್ಟಡದಿಂದ ಹೊರಬಂದ ಮಾತ್ರಕ್ಕೆ ಅಪಾಯ ಕಳೆಯುವುದಿಲ್ಲ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರ ದುರಂತದ ವೇಳೆ ಅದರ ಸುತ್ತಲಿನ ಆಸ್ಪತ್ರೆ, ಆರೈಕೆ ಕೇಂದ್ರಗಳಿಂದ ತರಾತುರಿಯಲ್ಲಿ ಸಾಗಿಸಿದ ಹಲವಾರು ವೃದ್ಧ ರೋಗಿಗಳು ವಿಕಿರಣ ತಾಗಿ ಸತ್ತವರಲ್ಲ. ದೀರ್ಘ ಬಸ್ ಪ್ರಯಾಣ ಮತ್ತು ಆರೈಕೆಯ ಕೊರತೆ ಅವರ ಜೀವ ತೆಗೆದವು. 2005ರ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್‌ನಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಹೊರಟ ವೃದ್ಧಾಶ್ರಮದ ಬಸ್ಸಿಗೆ ದಾರಿಯಲ್ಲೇ ಬೆಂಕಿ ಬಿದ್ದು 23 ಮಂದಿ ಅಸುನೀಗಿದರು. ಒಳಗಿದ್ದ ಆಮ್ಲಜನಕದ ಸಿಲಿಂಡರ್‌ಗಳು ಉರಿಯನ್ನು ಇನ್ನಷ್ಟು ಕೆರಳಿಸಿದವು. ಹಾಗೆಂದು ಸಿಲಿಂಡರ್ ಬಿಟ್ಟು ಹೊರಡುವಂತೆಯೂ ಇಲ್ಲ. 680 ಲೀಟರ್ ಹಿಡಿಯುವ ಸಿಲಿಂಡರ್, ನಿಮಿಷಕ್ಕೆ 10 ಲೀಟರ್ ಬೇಕಾದವರಿಗೆ ಒಂದು ಗಂಟೆ ಎಂಟು ನಿಮಿಷವಷ್ಟೇ ಬರುತ್ತದೆ. ಆದ್ದರಿಂದ ಯಾರನ್ನು ಎಲ್ಲಿಗೆ, ಯಾವ ವಾಹನದಲ್ಲಿ, ಎಷ್ಟು ಆಮ್ಲಜನಕದೊಂದಿಗೆ ಕಳುಹಿಸಬೇಕು, ಬರಮಾಡಿಕೊಳ್ಳುವ ಆಸ್ಪತ್ರೆ ಒಪ್ಪಿದೆಯೇ ಎಂಬುದು ಮೊದಲೇ ಬರಹದಲ್ಲಿರಬೇಕು. ಮರೆವಿನ ಕಾಯಿಲೆಯಿರುವವರು ಹೊಸ ಜಾಗದಲ್ಲಿ ತಮ್ಮ ಹೆಸರನ್ನೂ ಹೇಳಲಾರರು. ಹೆಸರು, ಔಷಧ, ಅಲರ್ಜಿಗಳನ್ನು ಬರೆದ ಪಟ್ಟಿ ಅವರ ಮಣಿಕಟ್ಟಿನಲ್ಲೇ ಇರಬೇಕು.

ಸುರಕ್ಷತಾ ಪ್ರಮಾಣಪತ್ರ ನೀಡುವ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಅಗ್ನಿನಂದಕಗಳನ್ನು ಎಣಿಸಿದ ಮೇಲೆ ರಾತ್ರಿ ಪಾಳಿಯ ಹಾಜರಿ ಪುಸ್ತಕವನ್ನೂ ತರಿಸಿ ನೋಡಿ, ಅಲ್ಲಿರುವ ಸಹಿಗಳನ್ನು ಆ ವಾರ್ಡಿನ ಮಂಚಗಳೊಂದಿಗೆ ತಾಳೆ ಹಾಕಲಿ.

ಇಂತಿ,
ಓರ್ವ ಓದುಗ