ಎಂಎ ಮುಗಿಯಿತು, ಥ್ಯಾಂಕ್ಸ್ ಹೇಳಲಿಕ್ಕೆ ತುಂಬ ಜನ ಇದ್ದಾರೆ

ರಿಸಲ್ಟ್ ಬಂದಿದೆ. ಕಾಸರಗೋಡು ಜಿಲ್ಲೆಯ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ನನ್ನ ಎಂಎ ಮುಗಿಯಿತು. ವಿಷಯ ಅಂತಾರಾಷ್ಟ್ರೀಯ ಸಂಬಂಧಗಳು. ಮೆಸೇಜ್ ಹಾಕಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಬರೆಯುತ್ತಾ ಕೂತರೆ ಮಳೆಗಾಲ ಮುಗಿದೀತು. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ಪುರುಸೊತ್ತಿದ್ದಾಗ ಓದಿ.

ಮೊದಲ ಥ್ಯಾಂಕ್ಸ್ ಮನೆಗೆ. ನನ್ನ ವಿಷಯದ ಹೆಸರು ಅಪ್ಪನಿಗೆ ಇವತ್ತಿಗೂ ಪೂರ್ತಿ ಬಾಯಿಗೆ ಬರುವುದಿಲ್ಲ. ನಮ್ಮೂರು ಪೆರ್ಲದ ಪೇಟೆಯಲ್ಲಿ ಯಾರಾದರೂ ಕೇಳಿದರೆ "ಅವಳು ಫಾರಿನ್ ವಿಷಯ ಕಲೀತಾಳೆ" ಅನ್ನುತ್ತಾರೆ. ಕೇಳಿದವರು "ಹಾಗಾದ್ರೆ ಗಲ್ಫಿಗಾ?" ಅನ್ನುತ್ತಾರೆ. ಅವರದ್ದೇನೂ ತಪ್ಪಿಲ್ಲ. ನಮ್ಮ ಕಡೆ ಫಾರಿನ್ ಅಂದರೆ ದುಬೈ, ಶಾರ್ಜಾ, ಮಸ್ಕತ್. ಕೊಳೆರೋಗ ಬಂದು ಅಡಿಕೆ ಅರ್ಧಕ್ಕರ್ಧ ಉದುರಿದ ವರ್ಷವೂ ಹಾಸ್ಟೆಲ್ ಫೀಸಿಗೆ ಅಪ್ಪ ಒಂದು ಮಾತು ಆಡಲಿಲ್ಲ. ಅಮ್ಮ ಆಡಿದಳು. ಆಡಿಕೊಂಡೇ ಕೊಟ್ಟಳು.

ಆಮೇಲೆ ನನ್ನ ಕನ್ನಡ ಶಾಲೆಯ ಟೀಚರ್‌ಗಳು, ಮಾಷ್ಟ್ರುಗಳು. ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದರೂ ಇಲ್ಲಿ ಕನ್ನಡದಲ್ಲೇ ಓದಿ ಎಸ್ಸೆಸ್ಸೆಲ್ಸಿ ಬರೆಯಬಹುದು. ನಾನು ಹಾಗೆ ಬರೆದವಳು. "ಮುಂದೆ ಕಷ್ಟ ಆಗ್ತದೆ ಅಲ್ವಾ?" ಅಂತ ಕೇಳದ ನೆಂಟರಿಲ್ಲ. ಹೌದು, ಕಷ್ಟ ಆಯಿತು. ಎಂಎಯ ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಪುಸ್ತಕದ ಒಂದು ಪುಟಕ್ಕೆ ಅರ್ಧ ರಾತ್ರಿ ಹೋಗುತ್ತಿತ್ತು. ಆದರೆ ಅರ್ಥ ಆಗದ್ದನ್ನು ಎದ್ದು ನಿಂತು ಕೇಳುವ ಅಭ್ಯಾಸ ಮಾಡಿಸಿದ್ದು ಅದೇ ಶಾಲೆ. ಇಂಗ್ಲಿಷ್ ಮೀಡಿಯಂನಿಂದ ಬಂದ ಎಷ್ಟೋ ಜನ ಗೊತ್ತಾಗದಿದ್ದರೂ ತಲೆ ಆಡಿಸುತ್ತಿದ್ದರು. ನಾನು ಕೈ ಎತ್ತುತ್ತಿದ್ದೆ.

ಪೆರ್ಲದಿಂದ ಬದಿಯಡ್ಕ, ಚೆರ್ಕಳ. ಅಲ್ಲಿಂದ ಹೈವೇ ಹಿಡಿದು ತೆಕ್ಕಿಲ್‌ನಲ್ಲಿ ಚಂದ್ರಗಿರಿ ಹೊಳೆ ದಾಟಿ ಮುಂದೆ ಹೋದರೆ ಪೆರಿಯ. ನಮ್ಮ ಅಜ್ಜನಂಥವರಿಗೆ ಆ ಹೊಳೆ ಸಣ್ಣ ವಿಷಯ ಅಲ್ಲ. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ, ಗಡಿ ವಿವಾದ ನೋಡಲಿಕ್ಕೆ ನೇಮಿಸಿದ್ದ ಮಹಾಜನ ಆಯೋಗ ಹೇಳಿತ್ತು. ಅಜ್ಜ ಆ ವರದಿ ನಿನ್ನೆ ಬಂದದ್ದೋ ಎಂಬ ಹಾಗೆ ಮಾತಾಡುತ್ತಾರೆ. ನಾನು ಹೊರಟ ದಿನ "ಹೊಳೆ ದಾಟಿ ಓದ್ಲಿಕ್ಕೆ ಹೋಗ್ತೀಯಾ?" ಅಂತ ಕೇಳಿದರು. ಆಮೇಲೆ ಅವರೇ ಬಸ್ಸಿನವರೆಗೆ ಬ್ಯಾಗ್ ಹೊತ್ತುಕೊಂಡು ಬಂದರು. ಅಜ್ಜನಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದು ಅವರಿಗೆ ಗೊತ್ತಾಗುತ್ತದೆ.

ನಮ್ಮ ಯೂನಿವರ್ಸಿಟಿ ಶುರುವಾದದ್ದು 2009ರಲ್ಲಿ. ಮುರಕಲ್ಲಿನ ಗುಡ್ಡದ ಮೇಲೆ 310 ಎಕರೆ ಜಾಗ. ಬೇಸಿಗೆಯಲ್ಲಿ ಕಾದ ಬಾಣಲೆ. ಮೊದಲ ವಾರದ ಭಾಷಣದಲ್ಲಿ ಯಾರೋ "ನೀವೆಲ್ಲ ಇನ್ನು ಜಾಗತಿಕ ಪ್ರಜೆಗಳು" ಅಂದರು. ಚಪ್ಪಾಳೆ ಬಿತ್ತು. ನನ್ನ ಹತ್ತಿರ ಪಾಸ್‌ಪೋರ್ಟೇ ಇರಲಿಲ್ಲ. ಈಗಲೂ ಇಲ್ಲ. ಕಾಸರಗೋಡಿನವಳಾಗಿ ಇದು ಸ್ವಲ್ಪ ನಾಚಿಕೆಯ ವಿಷಯವೇ!

ಭಾಷಣದಲ್ಲಿ ಹೇಳಿದ್ದು ನನಗೆ ಸ್ವಲ್ಪ ಸ್ವಲ್ಪ ಅರ್ಥ ಆಗಲಿಕ್ಕೆ ಶುರುವಾದದ್ದು ಹಾಸ್ಟೆಲ್ ರೂಮಿನಲ್ಲಿ. ಮಲಪ್ಪುರಂನ ಒಬ್ಬಳು, ಒಡಿಶಾದ ಒಬ್ಬಳು, ಮಣಿಪುರದ ಒಬ್ಬಳು, ನಾನು. ಮಣಿಪುರದವಳು ಮನೆಯಿಂದ ತಂದ ಒಂದು ಬಾಟಲಿ ತೆಗೆದ ದಿನ ಉಳಿದಿಬ್ಬರು ಮೂಗು ಮುಚ್ಚಿಕೊಂಡು ವರಾಂಡಕ್ಕೆ ಓಡಿದರು. ಹುಳಿ ಬರಿಸಿದ ಎಳೆ ಬಿದಿರು. ನನಗೆ ಆ ವಾಸನೆ ಗುರುತು ಸಿಕ್ಕಿತು. ಆಟಿ ತಿಂಗಳಲ್ಲಿ ಅಜ್ಜಿ ಕಣಿಲೆ ಹೆಚ್ಚಿ ನೀರಲ್ಲಿ ಹಾಕಿಡುವಾಗ ನಮ್ಮ ಅಡುಗೆಮನೆ ಇಡೀ ಹೆಚ್ಚುಕಮ್ಮಿ ಹೀಗೇ ನಾರುತ್ತದೆ. ನಾವು ದಿನಾ ನೀರು ಬದಲಿಸಿ ವಾಸನೆ ತೆಗೆಯುತ್ತೇವೆ. ಅವರು ಅದನ್ನೇ ಬೇಕು ಅಂತ ಉಳಿಸಿಕೊಳ್ಳುತ್ತಾರೆ. ಮುಂದಿನ ಮಳೆಗಾಲದಲ್ಲಿ ಅಮ್ಮ ಕಣಿಲೆ, ಹೆಸರುಕಾಳು ಹಾಕಿದ ಪಲ್ಯ ಕಟ್ಟಿ ಕೊಟ್ಟಳು. ಮಣಿಪುರದವಳು ಡಬ್ಬಿ ಖಾಲಿ ಮಾಡಿ, "ಚೆನ್ನಾಗಿದೆ, ಆದರೆ ವಾಸನೆ ಯಾಕೆ ತೆಗೆದ್ರಿ?" ಅಂತ ಕೇಳಿದಳು.

ಅವಳಿಗೆ ನಾನು ದೊಡ್ಡ ಥ್ಯಾಂಕ್ಸ್ ಹೇಳಬೇಕು. 2023ರ ಮೇ ತಿಂಗಳಲ್ಲಿ ಮಣಿಪುರ ಹೊತ್ತಿ ಉರಿಯಿತು. ಇಂಟರ್‌ನೆಟ್ ಬಂದ್ ಆಯಿತು. ವಾಟ್ಸಾಪ್‌ನಲ್ಲಿ ಒಂದೇ ಟಿಕ್. ಕರೆ ಮಾಡಿದರೆ ಒಮ್ಮೆ ಸಿಗುತ್ತಿತ್ತು, ಮತ್ತೊಮ್ಮೆ ಇಲ್ಲ. ನಮ್ಮ ಮೆಸ್ಸಿನ ಟಿವಿಯಲ್ಲಿ ಆ ಸುದ್ದಿ ಬಂದು ಹೋಗುತ್ತಿತ್ತು, ಜನ ಊಟ ಮಾಡುತ್ತಲೇ ಇದ್ದರು. ನಾನೂ. ಅಲ್ಲಿಯವರೆಗೆ ನನಗೆ ಈಶಾನ್ಯ ಅಂದರೆ ಪರೀಕ್ಷೆಗೆ ಬಾಯಿಪಾಠ ಮಾಡಿದ ರಾಜಧಾನಿಗಳ ಪಟ್ಟಿ, ಅಷ್ಟೇ. ಅವಳಿಗೆ ಏನು ಹೇಳಬೇಕು ಗೊತ್ತಾಗಲಿಲ್ಲ. ಕೊನೆಗೆ ಮಲಪ್ಪುರಂನವಳು ಹಾಲು ಹಾಕದ ಕಟ್ಟನ್ ಚಾಯ ಮಾಡಿ ತಂದಿಟ್ಟಳು. ನಾವು ಮೂವರೂ ಸುಮ್ನೆ ಅವಳ ಮಂಚದ ಮೇಲೆ ಕೂತೆವು. ನಡುರಾತ್ರಿ ದಾಟಿದ ಮೇಲೆ ಅವಳ ತಮ್ಮನ ಫೋನ್ ಬಂತು. ಅವರ ಭಾಷೆ ನಮಗೆ ಒಂದಕ್ಷರ ಬರುವುದಿಲ್ಲ. ಆದರೂ ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದೆವು. ಅವಳು ಅತ್ತು, ಆಮೇಲೆ ನಕ್ಕ ಮೇಲೆ ಚಹಾ ಕುಡಿದೆವು. ತಣ್ಣಗಾಗಿತ್ತು. ಅಲ್ಲಿಂದ ಮೇಲೆ ಯಾವ ದೇಶದ ಗಲಾಟೆಯ ಸುದ್ದಿ ಬಂದರೂ, ಅಲ್ಲಿನ ಯಾರೋ ಒಬ್ಬಳು ಯಾವುದೋ ಹಾಸ್ಟೆಲಿನಲ್ಲಿ ಫೋನ್ ಹಿಡಿದು ಕೂತಿರುತ್ತಾಳೆ ಅಂತ ಅನ್ನಿಸುತ್ತದೆ.

ಇನ್ನು ನಮ್ಮ ಸರ್. ಅವರ ಹೆಸರು ಹಾಕುವುದಿಲ್ಲ, ಬೈಯುತ್ತಾರೆ. ಪರಿಸರದ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದಗಳ ಪಾಠ ನಡೆಯುತ್ತಿತ್ತು. ಬೇಗ ಕರಗಿಹೋಗದ ವಿಷ ರಾಸಾಯನಿಕಗಳನ್ನು ನಿಷೇಧಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಯನ್ನು ಪರದೆಯ ಮೇಲೆ ಹಾಕಿದರು. 2001ರ ಒಪ್ಪಂದ, 2004ರಲ್ಲಿ ಜಾರಿ, ಶುರುವಿಗೆ 12 ರಾಸಾಯನಿಕಗಳು. ಆಮೇಲೆ ಸೇರಿಸಿದ್ದರ ಸಾಲಿನಲ್ಲಿ ಒಂದು ಹೆಸರು: ಎಂಡೋಸಲ್ಫಾನ್, 2011.

ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಆ ಹೆಸರನ್ನು ಯಾರಿಗೂ ಕಲಿಸಬೇಕಾಗಿಲ್ಲ. ಗೇರು ತೋಟಗಳಿಗೆ ಟೀ ಸೊಳ್ಳೆ ಎಂಬ ಕೀಟದ ಕಾಟ ಅಂತ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಸುರಿದ ವಿಷ ಅದು. ಗುಡ್ಡದ ಮೇಲೆ ಗೇರು. ಕೆಳಗೆ ಮನೆ, ತೋಟ, ತೋಡು, ಗುಡ್ಡಕ್ಕೆ ಕೊರೆದ ಸುರಂಗದಿಂದ ಬರುವ ಕುಡಿಯುವ ನೀರು. ನಮ್ಮ ಶಾಲೆಗೆ ಬರಲಾಗದೆ ಮನೆಯಲ್ಲೇ ಮಲಗಿದ್ದ ಮಕ್ಕಳನ್ನು ನೋಡಿಕೊಂಡೇ ನಾವು ದೊಡ್ಡವರಾದದ್ದು.

"ಇದು ಗೊತ್ತಿದ್ದವರು ಯಾರಾದರೂ ಇದ್ದೀರಾ?" ಅಂತ ಸರ್ ಕೇಳಿದರು. ಕೈ ಎತ್ತಿದೆ. ಅವರು ಮಾರ್ಕರ್ ಮೇಜಿನ ಮೇಲಿಟ್ಟು, ಮುಂದಿನ ಬೆಂಚಿನಲ್ಲಿ ವಿದ್ಯಾರ್ಥಿಗಳ ನಡುವೆ ಹೋಗಿ ಕೂತರು. "ಹೇಳು" ಅಂದರು. ಅರ್ಧ ಮಲಯಾಳ, ಅರ್ಧ ಇಂಗ್ಲಿಷ್, ಎರಡೂ ಸಿಗದಲ್ಲಿ ಕನ್ನಡ. ಗಂಟೆ ಆಗುವವರೆಗೆ ನಾನೇ ಮಾತಾಡಿದೆ. ಕೊನೆಗೆ ಸರ್ ಹೇಳಿದ್ದು ಇಷ್ಟೇ: "ನಿನ್ನ ಊರಿನ ವಿಷಯ ಜಿನೀವಾದಲ್ಲಿ ಯಾರು ಮಾತಾಡಿದ್ರು, ಏನು ಮಾತಾಡಿದ್ರು, ಹುಡುಕಿಕೊಂಡು ಬಾ."

ಹುಡುಕಿದೆ. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ದೇಶಗಳೆಲ್ಲ ಕೂತಾಗ ನಿಷೇಧ ಬೇಡ ಅಂತ ವಾದಿಸಿದ್ದು ನಮ್ಮದೇ ದೇಶ. ಕೊನೆಗೆ ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದು ಒಪ್ಪಿತು. ಅದೇ ಮೇ 13ರಂದು ಸುಪ್ರೀಂ ಕೋರ್ಟ್ ಇಲ್ಲಿ ತಡೆಯಾಜ್ಞೆ ಕೊಟ್ಟಿತು. ಓದುತ್ತಾ ಓದುತ್ತಾ ನನಗೆ ಸಿಟ್ಟೂ ಬಂತು, ಒಂಥರಾ ಹೆಮ್ಮೆಯೂ ಬಂತು. ಯಾಕೆಂದರೆ ಆ ಮಾತು ಅಲ್ಲಿಯವರೆಗೆ ತಲುಪಿದ್ದಕ್ಕೆ ಮೂಲ ನಮ್ಮ ಜನ. ನಮ್ಮ ಪಂಚಾಯತಿನ ಪಡ್ರೆಯಲ್ಲಿ ರೋಗಿಗಳನ್ನು ನೋಡುತ್ತಾ ಏನೋ ಸರಿಯಿಲ್ಲ ಅಂತ ಮೊದಲೇ ಹೇಳಿದ ಡಾ. ವೈ.ಎಸ್. ಮೋಹನ ಕುಮಾರ್. ಅದನ್ನು ಬರೆದ ಪತ್ರಕರ್ತ ಶ್ರೀ ಪಡ್ರೆ. 1998ರಲ್ಲಿ ನಮ್ಮ ಜಿಲ್ಲೆಯದ್ದೇ ಹೊಸದುರ್ಗದ ಕೋರ್ಟಿಗೆ ಹೋಗಿ ಸಿಂಪಡಣೆ ನಿಲ್ಲಿಸಿ ಅಂತ ಕೇಳಿದ, ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ. ಇವರು ಪೆರಿಯದವರೇ! ಮನೆಯಿಂದ ಹಾಸ್ಟೆಲಿಗೆ ಬಂದಾಗೆಲ್ಲ ನಾನು ಬಸ್ ಇಳಿಯುತ್ತಿದ್ದ ಊರು. ಇವರಲ್ಲಿ ಯಾರ ಪರಿಚಯವೂ ನನಗಿಲ್ಲ. ಆದರೂ ಈ ಪಟ್ಟಿಯಲ್ಲಿ ಅವರಿಗೆ ಜಾಗ ಇರಲೇಬೇಕು.

ಪ್ರಾಜೆಕ್ಟಿಗೆ ನಾನು ಇದನ್ನೇ ತೆಗೆದುಕೊಂಡೆ. ಜೊತೆಗೆ ಜಪಾನಿನ ಮಿನಮಾತ. ಅಲ್ಲಿ ಕಾರ್ಖಾನೆಯ ಪಾದರಸ ಸಮುದ್ರಕ್ಕೆ ಸೇರಿ, ಮೀನಿನ ಮೂಲಕ ಜನರ ಮೈಗೆ ಹೋಗಿತ್ತು. ಕಾಯಿಲೆ ಲೆಕ್ಕಕ್ಕೆ ಬಂದದ್ದು 1956ರಲ್ಲಿ, ಕಾರಣವನ್ನು ಸರ್ಕಾರ ಒಪ್ಪಿದ್ದು 1968ರಲ್ಲಿ. ಪಾದರಸದ ಮೇಲಿನ ಒಪ್ಪಂದಕ್ಕೆ 2013ರಲ್ಲಿ ಆ ಊರಿನ ಹೆಸರನ್ನೇ ಇಟ್ಟರು. ಅಲ್ಲಿಯೂ ಮೊದಲು ಹೇಳಿದ್ದು ಒಬ್ಬ ಡಾಕ್ಟರು, ಅದೂ ಆ ಕಾರ್ಖಾನೆಯದ್ದೇ ಆಸ್ಪತ್ರೆಯ ಡಾಕ್ಟರು. ಈಗ ಅಲ್ಲಿನ ಮ್ಯೂಸಿಯಂನಲ್ಲಿ ಆ ಕಾಯಿಲೆ ಅನುಭವಿಸಿದವರೇ ಬಂದವರ ಎದುರು ಕೂತು ತಮ್ಮ ಕಥೆ ಹೇಳುತ್ತಾರಂತೆ. ಇದು ನನ್ನ ತಲೆಯಿಂದ ಹೋಗಲೇ ಇಲ್ಲ.

ಯಾಕೆ ಅಂದರೆ ನಮ್ಮಲ್ಲಿ ಹಾಗಿಲ್ಲ. ಪ್ರಾಜೆಕ್ಟಿಗಾಗಿ ಊರಿನ ಮನೆಗಳಿಗೆ ಹೋದಾಗ ಒಬ್ಬರು ದೊಡ್ಡಮ್ಮ ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಒಳಗೆ ಅವರ ಮಗ ಮಲಗಿದ್ದ. ನನಗಿಂತ ದೊಡ್ಡವನು, ಚಾಪೆ ಬಿಟ್ಟು ಎದ್ದವನಲ್ಲ. ನಾನು ಪುಸ್ತಕ ತೆಗೆದೆ. "ಎಷ್ಟೋ ಜನ ಬಂದ್ರು ಮಗಾ. ಫೋಟೋ ತೆಗೆದ್ರು, ಹೋದ್ರು. ನೀನು ಬರೆದು ಏನಾಗ್ತದೆ?" ಅಂತ ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಲಿಕ್ಕೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರೇ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚೀಲ ತೆಗೆದರು. ಅದರ ತುಂಬ ಮಲಯಾಳದ ಕಾಗದಗಳು. ಒಂದು ಕಚೇರಿಯಿಂದ ಬಂದ ನೋಟಿಸು ಎಷ್ಟೋ ದಿನದಿಂದ ಅಲ್ಲೇ ಇತ್ತು, ಓದಿ ಹೇಳುವವರಿರಲಿಲ್ಲ. ನಮ್ಮ ಕಡೆಯ ತುಂಬ ಜನರಿಗೆ ಮಲಯಾಳ ಮಾತಾಡಲಿಕ್ಕೆ ಬರುತ್ತದೆ, ಓದಲಿಕ್ಕೆ ಬರುವುದಿಲ್ಲ. ಕನ್ನಡದಲ್ಲಿ ಕಾಗದ ಕೊಡಿ ಅಂತ ಕೇಳಿ ಕೇಳಿ ಸುಸ್ತಾದವರೂ ಇದ್ದಾರೆ.

ನನಗೆ ಓದಲಿಕ್ಕೆ ಬಂತು. ಹಾಸ್ಟೆಲ್ ಸೇರುವಾಗ ಬರುತ್ತಿರಲಿಲ್ಲ. ಮಲಪ್ಪುರಂನವಳು ರಾತ್ರಿ ಹೊತ್ತು ಪೇಪರ್ ಹರಡಿ, ಸಿನಿಮಾ ಜಾಹೀರಾತುಗಳಿಂದ ಶುರುಮಾಡಿ ಅಕ್ಷರ ಕಲಿಸಿದ್ದಳು. ಮೆಸ್ಸಿನ ಚೇಚಿ (ಅಂದರೆ ಅಕ್ಕ) "ಮೋಳೇ, ಇದನ್ನು ಓದು" ಅಂತ ದಿನಾ ಬೋರ್ಡಿನ ಮೆನು ಓದಿಸಿದ ಮೇಲೇ ಚಪಾತಿ ಹಾಕುತ್ತಿದ್ದರು. ಚೇಚಿ, ನಿಮ್ಮ ಪರೀಕ್ಷೆಯೇ ಎಲ್ಲಕ್ಕಿಂತ ಕಷ್ಟ ಇತ್ತು! ಆ ದಿನ ಜಗಲಿಯಲ್ಲಿ ನೋಟಿಸು ಓದಿ, ದೊಡ್ಡಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಮಲಯಾಳದಲ್ಲಿ ಅರ್ಜಿ ಬರೆದುಕೊಟ್ಟೆ. ಅದರ ಕೆಳಗೆ ಅದನ್ನೇ ಕನ್ನಡದಲ್ಲೂ ಬರೆದೆ. ತಾನು ಯಾವುದಕ್ಕೆ ಸಹಿ ಹಾಕುತ್ತಿದ್ದೇನೆ ಅಂತ ಅವರಿಗೆ ಗೊತ್ತಿರಬೇಕಲ್ಲ.

ಪ್ರಾಜೆಕ್ಟಿಗೆ ಮಾರ್ಕು ಚೆನ್ನಾಗಿ ಬಂತು. ನನಗೆ ಅದಕ್ಕಿಂತ ಆ ಅರ್ಜಿಯೇ ದೊಡ್ಡದು. ಒಪ್ಪಂದ, ಜಿನೀವಾ, ಮಿನಮಾತ ಎಲ್ಲ ಓದಿದ್ದರಿಂದಲೇ ಯಾವ ಕಚೇರಿಯಲ್ಲಿ ಏನು ಕೇಳಬೇಕು ಅಂತ ನನಗೆ ಗೊತ್ತಾಗಿದ್ದು. ಬರೀ ಪುಸ್ತಕ ಓದಿ ಜಗಲಿಗೆ ಹೋಗದಿದ್ದರೆ, ಕೇಳಬೇಕಾದದ್ದು ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಲೈಬ್ರರಿಯವರಿಗೆ, ರಜೆಯ ದಿನವೂ ಮುಖ ಗಂಟು ಹಾಕಿಕೊಳ್ಳದೆ ಪುಸ್ತಕ ಕೊಟ್ಟಿದ್ದಕ್ಕೆ. ವಾರ್ಡನ್‌ಗೆ, ಬಾಗಿಲು ಹಾಕುವ ಹೊತ್ತಿಗೆ ಓಡಿ ಬಂದಾಗೆಲ್ಲ ಗಡಿಯಾರ ನೋಡದ ಹಾಗೆ ಮಾಡಿದ್ದಕ್ಕೆ. ಒಡಿಶಾದ ಗೆಳತಿಗೆ, ನನ್ನ ಇಂಗ್ಲಿಷ್ ತಿದ್ದಿದ್ದಕ್ಕೆ, ಒಮ್ಮೆಯೂ ನಗದಿದ್ದಕ್ಕೆ. ಡಿಗ್ರಿ ಓದಿದ ಕಾಸರಗೋಡು ಸರ್ಕಾರಿ ಕಾಲೇಜಿನ ಮೇಡಂಗಳಿಗೆ, ಪ್ರವೇಶ ಪರೀಕ್ಷೆಯ ಫಾರ್ಮ್ ನನ್ನ ಕೈಯಿಂದ ಒತ್ತಾಯದಿಂದ ತುಂಬಿಸಿದ್ದಕ್ಕೆ. ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಸದ್ಯಕ್ಕೆ ಮನೆಯಲ್ಲೇ ಇದ್ದೇನೆ, ಪಿಎಚ್‌ಡಿ ಪರೀಕ್ಷೆಗೆ ಓದುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಮಲಯಾಳದ ನೋಟಿಸು, ಅರ್ಜಿ ಏನಿದ್ದರೂ ಓದಿ ಹೇಳುತ್ತೇನೆ, ದುಡ್ಡು ಗಿಡ್ಡು ಬೇಡ. ಕನ್ನಡ ಮೀಡಿಯಂನಲ್ಲಿ ಓದಿ ಪೆರಿಯಕ್ಕೆ ಹೋಗಬೇಕು ಅಂತಿರುವ ಮಕ್ಕಳಿದ್ದರೆ ನನ್ನ ನೋಟ್ಸು, ಪುಸ್ತಕ ಎಲ್ಲ ಒಂದು ಗೋಣಿಯಲ್ಲಿ ಕಟ್ಟಿಟ್ಟಿದ್ದೇನೆ, ಬಂದು ತೆಗೆದುಕೊಂಡು ಹೋಗಿ. ಬೇಗ ಬನ್ನಿ. ಅಡಿಕೆ ಸುಲಿಯುವ ಕಾಲಕ್ಕೆ ಅಮ್ಮನಿಗೆ ಆ ಕೋಣೆ ಬೇಕಂತೆ.