ಜೋಳ ಅಳೆಯುವ ಸೇರಿನಿಂದ ಸೀರೆ ಅಳೆಯಬೇಡಿ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ವಿಜಯಪುರದಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯ ನಮಸ್ಕಾರಗಳು.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರ ಪೂರ್ತಿ ಓದಲು ನಿಮಗೆ ಪುರುಸೊತ್ತು ಸಿಗುತ್ತದೋ ಇಲ್ಲವೋ. ಫೆಲೋಶಿಪ್ ಪಡೆಯುವ ನಾವೆಲ್ಲ ಆರು ತಿಂಗಳಿಗೊಮ್ಮೆ ತುಂಬುವ ಆ ಪ್ರಗತಿ ವರದಿಯ ಫಾರಂ ತೆಗೆದುಹಾಕಿಸಿ. ಸಸ್ಯಶಾಸ್ತ್ರಕ್ಕೂ ಅದೇ ಫಾರಂ, ಗಣಿತಕ್ಕೂ ಅದೇ, ಇತಿಹಾಸಕ್ಕೂ ಅದೇ, ಕನ್ನಡಕ್ಕೂ ಅದೇ. ಅದರ ಬದಲು ಆಯಾ ವಿಷಯ ಬಲ್ಲವರು ಕೂತು ಕೊಟ್ಟ ವರದಿಯನ್ನು ಒಪ್ಪಿಕೊಳ್ಳಿ, ತಡೆಹಿಡಿದ ಕಂತು ಬಿಡುಗಡೆ ಮಾಡಿಸಿ. ಇಷ್ಟೇ.

ಆ ಫಾರಂ ನೀವು ನೋಡಿರಲಿಕ್ಕಿಲ್ಲ. ಆನ್‌ಲೈನ್‌ನಲ್ಲಿ ತುಂಬಬೇಕು. ಪ್ರಯೋಗಾಲಯದ ಹೆಸರು, ಬಳಸಿದ ಉಪಕರಣ, ಮಾಡಿದ ಪ್ರಯೋಗ ಎಷ್ಟು, ತೆಗೆದುಕೊಂಡ ಸ್ಯಾಂಪಲ್ ಎಷ್ಟು, ಪೇಟೆಂಟ್ ಅರ್ಜಿಯ ಸಂಖ್ಯೆ, ಸ್ಕೋಪಸ್ ಎಂಬ ಪಟ್ಟಿಯಲ್ಲಿರುವ ಜರ್ನಲ್ಲುಗಳಲ್ಲಿ ಬಂದ ಪೇಪರ್ ಎಷ್ಟು, ಜಿಪಿಎಸ್ ಮುದ್ರೆ ಇರುವ ಫೋಟೋ. ಎಲ್ಲದರ ಮುಂದೆಯೂ ಒಂದು ಕೆಂಪು ಚುಕ್ಕಿ. ಚುಕ್ಕಿ ಇದ್ದಲ್ಲಿ ಏನಾದರೂ ತುಂಬದಿದ್ದರೆ ಮುಂದಿನ ಪುಟ ತೆರೆಯುವುದೇ ಇಲ್ಲ. ಕೊನೆಗೊಂದು ಬಾಕ್ಸ್, ‘ಸಮಾಜಕ್ಕೆ ಆಗುವ ಉಪಯೋಗ’. ಐವತ್ತು ಪದ ಮೀರುವ ಹಾಗಿಲ್ಲ.

ನನ್ನ ಸಂಶೋಧನೆ ಬೀಸುವ ಪದಗಳ ಮೇಲೆ, ಅಂದರೆ ಹೆಂಗಸರು ಬೀಸುಕಲ್ಲು ತಿರುಗಿಸುತ್ತಾ ಹೇಳುವ ಹಾಡುಗಳ ಮೇಲೆ. ಪ್ರಯೋಗಾಲಯದ ಜಾಗದಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆದೆ. ‘ಅಪೂರ್ಣ’ ಎಂದು ವಾಪಸ್ ಬಂತು. ‘ಚಡಚಣ ತಾಲೂಕಿನ ಹಳ್ಳಿಗಳು’ ಎಂದು ಬರೆದೆ. ಅದೂ ವಾಪಸ್. ಕಂಪ್ಯೂಟರ್ ರೂಮಿನ ಹೆಸರು ಹಾಕಿಬಿಡು, ಎಲ್ಲರೂ ಹಾಗೇ ಮಾಡ್ತಾರೆ ಎಂದು ಸೀನಿಯರ್ ಒಬ್ಬರು ಹೇಳಿದರು. ಅಂದರೆ ಸರಕಾರಿ ಫಾರಂನಲ್ಲಿ ಸುಳ್ಳು ಬರೆಯುವುದನ್ನು ನಾವು ಒಬ್ಬರಿಗೊಬ್ಬರು ಕಲಿಸಿಕೊಡಬೇಕು. ಪಿಎಚ್‌.ಡಿಯಲ್ಲಿ ಕೋರ್ಸ್ ವರ್ಕ್ ಎಂದು ಒಂದಿದೆ. ಅದರಲ್ಲಿ ಸಂಶೋಧನೆಯ ನೀತಿ ಅಂತ ಪಾಠವೂ ಇದೆ. ಅದನ್ನು ಪಾಸಾದ ಮೇಲೇ ಈ ಫಾರಂ ಕೈಗೆ ಬರುತ್ತದೆ, ತಮಾಷೆ ನೋಡಿ.

ಈಗ ಅಸಲಿ ಸಂಗತಿಗೆ ಬರುತ್ತೇನೆ. ನಾನು ಹೋಗುವ ಒಂದು ಹಳ್ಳಿಯಲ್ಲಿ ಒಬ್ಬ ಆಯಿ ಇದ್ದಾರೆ. ಹಾಡು ಹೇಳಿ ಅಂದರೆ ಅವರಿಗೆ ಬಾಯಿಗೆ ಬರುವುದಿಲ್ಲ. ಒಂದು ಸಾಲು ಹೇಳಿ ತಡವರಿಸುತ್ತಾರೆ, ‘ಮರ್ತೈತಿ ತಂಗಿ’ ಅನ್ನುತ್ತಾರೆ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಹಿತ್ತಲಿಗೆ ಬಿದ್ದಿತ್ತು. ಮೊಮ್ಮಗ ಅದನ್ನು ಹೊತ್ತು ತಂದು ಪಡಸಾಲೆಯಲ್ಲಿಟ್ಟ. ಗೂಟ ಅಲುಗಾಡುತ್ತಿತ್ತು, ಬಟ್ಟೆಯ ಚೂರು ಸುತ್ತಿ ಬಿಗಿ ಮಾಡಿದರು. ಒಂದು ಹಿಡಿ ಜೋಳ ಹಾಕಿ ಕೈ ಆಡಿಸಿದ್ದೇ ತಡ, ಹಾಡು ತಾನಾಗೇ ಬಂತು. ಕಾಳು ಆಗಷ್ಟೇ ಬಿದ್ದಾಗ ಕಲ್ಲು ಭಾರ, ಸಾಲನ್ನು ಎಳೆದು ಹಾಡುತ್ತಾರೆ. ಕಾಳು ನುರಿದು ಕಲ್ಲು ಹಗುರಾದಾಗ ಹಾಡೂ ಚುರುಕಾಗುತ್ತದೆ. ಕೈ ನಿಂತರೆ ಹಾಡೂ ನಿಂತಿತು. ನಾನು ಹುಡುಕುತ್ತಿರುವುದು ಇದನ್ನೇ, ಹಾಡಿನ ಲಯವನ್ನು ಕೈಯ ಕೆಲಸ ಹೇಗೆ ಹಿಡಿದಿಟ್ಟಿದೆ ಎಂಬುದನ್ನು. ಇದರಲ್ಲಿ ಸ್ಯಾಂಪಲ್ ಎಷ್ಟು ಅಂತ ಬರೆಯಲಿ ಸರ್? ಹಾಡನ್ನು ಎಣಿಸಲೋ, ಕಲ್ಲಿನ ಸುತ್ತನ್ನು ಎಣಿಸಲೋ?

ಹೊರಡುವಾಗ ಆಯಿಗೆ ಒಂದು ಗುಳೇದಗುಡ್ಡದ ಖಣ, ಒಂದು ತೆಂಗಿನಕಾಯಿ ಕೊಟ್ಟೆ. ನಮ್ಮ ಕಡೆ ಬರಿಗೈಲಿ ಹಾಡಿಸಿಕೊಂಡು ಬರುವ ಪದ್ಧತಿ ಇಲ್ಲ. ಅದನ್ನೂ ಬಸ್ಸು, ಟಂಟಂ ಖರ್ಚನ್ನೂ ಕ್ಷೇತ್ರಕಾರ್ಯದ ಲೆಕ್ಕದಲ್ಲಿ ತೋರಿಸಿದೆ. ಕೆಲವು ವಾರ ಬಿಟ್ಟು ಆ ಕಚೇರಿಯಿಂದ ಫೋನ್ ಬಂತು. ಕಚೇರಿ ಯಾವುದು ಎಂದು ಬರೆಯುವುದಿಲ್ಲ, ನಿಮಗೆ ಗೊತ್ತಾಗುತ್ತದೆ. ‘ಮೇಡಮ್, ಹಾಡು ಕೊಟ್ಟವರ ಜಿಎಸ್‌ಟಿ ನಂಬರ್ ಇಲ್ಲ ಇದರಲ್ಲಿ. ಇಲ್ಲಾಂದ್ರೆ ಪ್ಯಾನ್ ಕಾರ್ಡ್ ಕಾಪಿ ಹಚ್ಚಿ, ಸೀಲು ಸಹಿ ಮಾಡಿಸಿ ಕಳಿಸಿ’ ಅಂದರು.

ಆ ಆಯಿಯ ಬೆರಳಿನ ಗೆರೆ ಸವೆದು ರೇಷನ್ ಅಂಗಡಿಯ ಮಷೀನೇ ಅವರನ್ನು ಗುರುತಿಸುವುದಿಲ್ಲ. ಅಕ್ಕಿ ತರಲು ಮೊಮ್ಮಗನೇ ಹೋಗಿ ಹೆಬ್ಬೆಟ್ಟು ಒತ್ತಬೇಕು. ಅಂಥವರ ಜಿಎಸ್‌ಟಿ ನಂಬರ್! ಮುಂದಿನ ಸಲ ಹೋದಾಗ ತಡೆಯಲಾರದೆ ಹೇಳಿಯೂ ಬಿಟ್ಟೆ. ‘ಹಾಡಿಗ್ಯಾಕ ಚೀಟಿ ಬೇ? ನಾ ಏನ್ ಅಂಗಡಿ ಇಟ್ಟೀನೇನು?’ ಅಂದರು. ಈ ಪ್ರಶ್ನೆಯನ್ನು ನಿಮ್ಮ ಇಲಾಖೆಗೆ ದಾಟಿಸುತ್ತಿದ್ದೇನೆ. ಉತ್ತರ ಬಂದರೆ ಅವರಿಗೆ ಓದಿ ಹೇಳುತ್ತೇನೆ.

ನನ್ನ ಆ ಕಂತು ಇನ್ನೂ ಬಂದಿಲ್ಲ. ಹಾಸ್ಟೆಲ್ ಮೆಸ್ ಬಿಲ್ ಮಾತ್ರ ತಿಂಗಳು ತಪ್ಪದೆ ಬರುತ್ತದೆ. ಅದಕ್ಕೆ ಯಾವ ಕೆಂಪು ಚುಕ್ಕಿಯೂ ಅಡ್ಡ ಬಂದಿಲ್ಲ. ಊರಲ್ಲಿ ಅಪ್ಪ ‘ಸರಕಾರ ರೊಕ್ಕ ಕೊಡ್ತೈತಿ ಅಂದಿದ್ದಿ’ ಎಂದು ಕೇಳುತ್ತಾರೆ. ಕೊಡುತ್ತದೆ ಅಪ್ಪಾ, ಬೀಸುಕಲ್ಲಿಗೆ ಪೇಟೆಂಟ್ ಸಿಕ್ಕ ಕೂಡಲೇ.

ಇದು ಕನ್ನಡದವರ ಗೋಳು, ವಿಜ್ಞಾನದವರು ಆರಾಮ ಇದ್ದಾರೆ ಅಂದುಕೊಳ್ಳಬೇಡಿ. ನನ್ನ ರೂಮ್‌ಮೇಟ್ ಹಿಂಗಾರಿ ಜೋಳದ ಮೇಲೆ ಕೆಲಸ ಮಾಡುತ್ತಾಳೆ, ಬರದಲ್ಲಿ ಗಿಡ ಹೇಗೆ ತಾಳುತ್ತದೆ ಅಂತ. ಹಿಂಗಾರಿ ಜೋಳ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದರೆ ಫೆಬ್ರವರಿ, ಮಾರ್ಚ್‌ಗೆ ಕಟಾವು. ವರ್ಷಕ್ಕೆ ಒಂದೇ ಬೆಳೆ. ಬೇಸಿಗೆಯ ವರದಿಯಲ್ಲಿ ‘ಈ ಅವಧಿಯ ಹೊಸ ಫಲಿತಾಂಶ’ ಕೇಳುತ್ತಾರೆ. ಮೇ ತಿಂಗಳಲ್ಲಿ ನಮ್ಮ ಎರೆ ಹೊಲ ಹೇಗಿರುತ್ತದೆ ನಿಮಗೆ ಗೊತ್ತು, ಕಾಲಿಟ್ಟರೆ ಬಿರುಕಿನಲ್ಲಿ ಪಾದ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಏನು ಫಲಿತಾಂಶ ತರಬೇಕು ಅವಳು? ಒಂದು ಹೊಸ ತಳಿ ತೆಗೆಯಲು ಎಂಟು ಹತ್ತು ವರ್ಷ ಹಿಡಿಯುತ್ತದೆ. ಇಲ್ಲೇ ವಿಜಯಪುರದ ಸಂಶೋಧನಾ ಕೇಂದ್ರದಿಂದ ಬಂದ ಬಿಜೆವಿ-44 ಜೋಳವನ್ನು ರೈತರು ಬಿತ್ತುತ್ತಿದ್ದಾರಲ್ಲ, ಅದು ಆರು ತಿಂಗಳ ಕಂತಿನಲ್ಲಿ ಹುಟ್ಟಿದ್ದಲ್ಲ.

ಗಣಿತದಲ್ಲಿ ಗ್ರಾಫ್ ಥಿಯರಿ ಮಾಡುವ ಗೆಳೆಯನದು ಇನ್ನೂ ಚೆನ್ನಾಗಿದೆ. ಅವನಿಗೆ ಬೇಕಾಗಿರುವುದು ಹಾಳೆ, ಪೆನ್ನು, ಒಂದಿಷ್ಟು ನಿದ್ದೆ. ಕ್ಷೇತ್ರಕಾರ್ಯದ ಜಿಪಿಎಸ್ ಫೋಟೋ ಕಡ್ಡಾಯ ಅಂದರು. ಪಾಪ, ಹಾಸ್ಟೆಲ್ ಟೇಬಲ್ ಮುಂದೆ ಕೂತು ಸೆಲ್ಫಿ ತೆಗೆದು ಹಾಕಿದ. ಅದು ಪಾಸಾಯಿತು! ಎಲ್ಲ ಫಾರಂ ಒಂದೇ ಮಾಡಿದವರಿಗೆ ಜೋಳ ಅಳೆಯುವ ಸೇರಿನಿಂದ ಇಳಕಲ್ ಸೀರೆ ಅಳೆಯಲೂ ಸಂಕೋಚ ಇರಲಿಕ್ಕಿಲ್ಲ.

ನೀವು ವಿಜಯಪುರಕ್ಕೆ ಬಂದಾಗ ಗೋಲಗುಮ್ಮಟಕ್ಕೆ ಹೋಗಿಯೇ ಇರುತ್ತೀರಿ, ಕೂಗು ಹಾಕಿಯೂ ಇರುತ್ತೀರಿ. ಆ ಒಂದು ಕಟ್ಟಡವನ್ನೇ ನೋಡಿ. ಗೋಡೆ ಹಿಡಿದು ಪಿಸುಮಾತು ಹೇಗೆ ಆಚೆ ಬದಿಗೆ ಹೋಗುತ್ತದೆ ಎಂಬುದು ಭೌತಶಾಸ್ತ್ರದ ಪ್ರಶ್ನೆ. ಸಿ.ವಿ. ರಾಮನ್ 1920ರ ದಶಕದ ಶುರುವಿನಲ್ಲಿ ಇಂಥ ಪಿಸುಗುಟ್ಟುವ ಗ್ಯಾಲರಿಗಳ ಬಗ್ಗೆ ಬರೆದಾಗ ನಮ್ಮ ಗುಮ್ಮಟವೂ ಅದರಲ್ಲಿತ್ತು. ಸುಮಾರು 44 ಮೀಟರ್ ಅಗಲದ ಗುಮ್ಮಟ ನಡುವೆ ಒಂದು ಕಂಬವೂ ಇಲ್ಲದೆ ಹೇಗೆ ನಿಂತಿದೆ ಎಂದು ಕೇಳುವವರು ಎಂಜಿನಿಯರುಗಳು. ದಕ್ಷಿಣ ಬಾಗಿಲ ಮೇಲಿನ ಪರ್ಷಿಯನ್ ಬರಹದಲ್ಲಿ ಅಕ್ಷರಗಳ ಬೆಲೆ ಕೂಡಿಸಿದರೆ ಹಿಜರಿ 1067 ಬರುತ್ತದೆ, ಅಂದರೆ 1656, ಅಲ್ಲಿ ಸಮಾಧಿಯಾಗಿರುವ ಸುಲ್ತಾನ ಮೊಹಮ್ಮದ್ ಆದಿಲ್ ಶಾಹ ತೀರಿಕೊಂಡ ವರ್ಷ. ಅದನ್ನು ಓದಲು ಪರ್ಷಿಯನ್ ಬಲ್ಲವರೇ ಬೇಕು. ಈ ಮೂವರಿಗೂ ಒಂದೇ ಫಾರಂ ಕೊಟ್ಟು ‘ಉಪಕರಣದ ಹೆಸರು ಬರೆಯಿರಿ’ ಅಂದರೆ ಮೂರನೆಯವರು ಏನು ಬರೆಯಬೇಕು? ಕನ್ನಡಕ?

ಫ.ಗು. ಹಳಕಟ್ಟಿಯವರು ಇದೇ ಊರಲ್ಲಿ ವಕೀಲರಾಗಿದ್ದವರು. ಮನೆ ಮನೆ, ಮಠ ಮಠ ಅಲೆದು ವಚನಗಳ ತಾಡೋಲೆ ಕೂಡಿಹಾಕಿದರು. ಅಚ್ಚು ಹಾಕಿಸಲು ಮುದ್ರಣಾಲಯ ಇಡಬೇಕಾಗಿ ಬಂದಾಗ ಮನೆಯನ್ನೇ ಮಾರಿದರು. ಪುಣ್ಯಕ್ಕೆ ಅವರು ಫೆಲೋಶಿಪ್ ಕೇಳಲಿಲ್ಲ. ಕೇಳಿದ್ದರೆ ತಾಡೋಲೆ ಕೊಟ್ಟವರ ಪ್ಯಾನ್ ಕಾರ್ಡ್ ಹುಡುಕುತ್ತಾ ಆಯುಷ್ಯ ಕಳೆಯುತ್ತಿದ್ದರು. ಇನ್ನು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ. ಹಲಗಲಿ ಬೇಡರ ಮೇಲೆ, ಸಂಗೊಳ್ಳಿ ರಾಯಣ್ಣನ ಮೇಲೆ ಜನ ಹಾಡುತ್ತಿದ್ದ ಲಾವಣಿಗಳನ್ನು ಬರೆದುಕೊಂಡು 1885ರ ಸುಮಾರಿಗೆ ಅಚ್ಚು ಹಾಕಿಸಿದ. ತನ್ನದೇ ಸರಕಾರದ ವಿರುದ್ಧ ಎದ್ದವರ ಹಾಡು ಅವು! ಪರದೇಶಿ ಅಧಿಕಾರಿಗೆ ಅದರ ಬೆಲೆ ಗೊತ್ತಾಗಿತ್ತು. ನಮ್ಮವರು ಐವತ್ತು ಪದಗಳಲ್ಲಿ ಉಪಯೋಗ ಹೇಳು ಅನ್ನುತ್ತಾರೆ.

‘ಈ ಹಾಡುಗಳನ್ನು ಹಲಸಂಗಿ ಗೆಳೆಯರು ಆಗಲೇ ಸಂಗ್ರಹ ಮಾಡಿದ್ದಾರಲ್ಲ, ಹೊಸದೇನು?’ ಎಂದೂ ಒಂದು ಆಕ್ಷೇಪಣೆ ಬಂತು. ಮಾಡಿದ್ದಾರೆ, ಮಧುರಚೆನ್ನ ಮೊದಲಾದವರ ಆ ಬಳಗದಿಂದಲೇ ನಾನು ಈ ದಾರಿಗೆ ಬಂದದ್ದು. ಆದರೆ ಅವರ ಕೈಯಲ್ಲಿದ್ದದ್ದು ಪೆನ್ನು. ಪದ ಉಳಿಯಿತು, ಧಾಟಿ ಕಾಗದಕ್ಕೆ ಇಳಿಯಲಿಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು ಕ್ರಿ.ಶ. 700ರ ಹೊತ್ತಿಗೇ ತ್ರಿಪದಿ ಇದೆ. ಬಂಡೆಯ ಮೇಲೆ ಅದನ್ನು ಓದಬಹುದು, ಹೇಗೆ ಹಾಡುತ್ತಿದ್ದರು ಎಂದು ಕೇಳಲಾಗುವುದಿಲ್ಲ. ಅದೇ ಮೂರು ಸಾಲಿನ ಛಂದಸ್ಸಿನ ಹಾಡನ್ನು ಈ ಆಯಿ ಈಗಲೂ ಹಾಡುತ್ತಿದ್ದಾರೆ. ಇವರ ತಲೆಮಾರು ದಾಟಿತೋ, ಮುಗಿಯಿತು. ನಿಮ್ಮ ಮುಂದಿನ ಕಂತಿನ ತನಕ ಅವರು ಕಾಯುತ್ತಾರೆ ಅಂತ ನಾನು ಬರೆದು ಕೊಡಲಾರೆ.

ನಿಯಮ ನಿಮಗೆ ಹೇಳಿಕೊಡಬೇಕಾಗಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್‌.ಡಿ ನಿಯಮದಲ್ಲಿ ಸಂಶೋಧನಾ ಸಲಹಾ ಸಮಿತಿ ಇದೆ. ಪ್ರತಿ ಸೆಮಿಸ್ಟರ್ ನಾವು ಆ ಸಮಿತಿಯ ಮುಂದೆ ನಿಂತು ಕೆಲಸ ಒಪ್ಪಿಸುತ್ತೇವೆ. ಅವರು ಬೈಯುತ್ತಾರೆ, ತಿದ್ದುತ್ತಾರೆ, ಬರೆದು ಕೊಡುತ್ತಾರೆ. ಪ್ರಬಂಧ ಸಲ್ಲಿಸುವ ಮೊದಲು ಪೇಪರ್ ಪ್ರಕಟವಾಗಲೇಬೇಕು ಎಂಬ ಷರತ್ತನ್ನೂ ಆ ನಿಯಮದಲ್ಲಿ ಕೈಬಿಟ್ಟಿದ್ದಾರೆ. ಹಾಗಿದ್ದ ಮೇಲೆ ಫೆಲೋಶಿಪ್ ಫಾರಂ ಸ್ಕೋಪಸ್ ಲೆಕ್ಕ ಯಾಕೆ ಕೇಳುತ್ತದೆ? ನಮ್ಮ ವಿಷಯ ಗೊತ್ತಿರುವ ಸಮಿತಿ ‘ಪ್ರಗತಿ ತೃಪ್ತಿಕರ’ ಎಂದು ಬರೆದ ಮೇಲೆ, ಗೊತ್ತಿಲ್ಲದ ಕಚೇರಿ ‘ಅಪೂರ್ಣ’ ಎಂದು ವಾಪಸ್ ಕಳಿಸುವುದು ಯಾವ ನಿಯಮ ಸರ್? ಸುಮ್ನೆ ಕೇಳುತ್ತಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕಿದೆ.

ಲೆಕ್ಕ ಕೇಳಬೇಡಿ ಅನ್ನುತ್ತಿಲ್ಲ. ಜನರ ದುಡ್ಡು, ಕೇಳಲೇಬೇಕು. ಫೆಲೋಶಿಪ್ ತೆಗೆದುಕೊಂಡು ಬೈಕ್ ಕೊಂಡವರನ್ನೂ ನಾನು ನೋಡಿದ್ದೇನೆ. ಅವರ ಫಾರಂ ಎಲ್ಲ ಸರಿಯಾಗಿಯೇ ತುಂಬಿರುತ್ತದೆ ಅನ್ನುವುದು ಬೇರೆ ಮಾತು. ನಮ್ಮನ್ನು ಕೇಳುವುದಾದರೆ ನಮ್ಮ ಕೆಲಸದ ಲೆಕ್ಕ ಕೇಳಿ. ನಾನು ಧ್ವನಿಮುದ್ರಣ ಕೊಡುತ್ತೇನೆ, ಹಾಡಿದವರ ಊರು ಕೊಡುತ್ತೇನೆ, ಬರೆದ ಟಿಪ್ಪಣಿ ಕೊಡುತ್ತೇನೆ. ಜೋಳದವಳು ಬೆಳೆ ಬಂದಾಗ ಹೊಲದ ದಾಖಲೆ ಕೊಡುತ್ತಾಳೆ. ಗಣಿತದವನು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ ಎಂದು ನಾಲ್ಕು ಪುಟ ಬರೆದು ಕೊಡುತ್ತಾನೆ. ಅವನಿಗೆ ಅದೇ ಪ್ರಗತಿ.

ಆದ್ದರಿಂದ ಮತ್ತೆ ಕೇಳುತ್ತೇನೆ. ಆ ಒಂದೇ ಫಾರಂ ರದ್ದು ಮಾಡಿಸಿ. ಸಲಹಾ ಸಮಿತಿಯ ವರದಿಯನ್ನೇ ಪ್ರಗತಿ ವರದಿ ಎಂದು ಒಪ್ಪಲು ಆದೇಶ ಹೊರಡಿಸಿ. ಹಳ್ಳಿಯಲ್ಲಿ ಹಾಡಿದವರಿಗೆ, ಕಥೆ ಹೇಳಿದವರಿಗೆ ಕೊಟ್ಟ ಗೌರವಕ್ಕೆ ವಿದ್ಯಾರ್ಥಿಯ ಸಹಿ, ಮಾರ್ಗದರ್ಶಕರ ಸಹಿ ಸಾಕು ಎಂದು ಒಂದು ಸಾಲು ಸೇರಿಸಿ. ‘ಪ್ರಯೋಗಾಲಯ ಇಲ್ಲ’ ಎಂಬ ಕಾರಣಕ್ಕೆ ನಿಂತಿರುವ ಎಲ್ಲರ ಕಂತನ್ನೂ ಬಿಡುಗಡೆ ಮಾಡಿಸಿ.

ಹೆಸರು ಹಾಕಿಲ್ಲ, ಕ್ಷಮಿಸಿ. ಹಾಕಿದರೆ ಮುಂದಿನ ವರದಿ ಯಾಕೆ ವಾಪಸ್ ಬರುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಮಾತ್ರ ದಯವಿಟ್ಟು ಬೇಡ, ಅದು ನಮ್ಮಲ್ಲಿ ಬೇಕಾದಷ್ಟಿದೆ. ಈ ವರ್ಷದ ಮುಂದಿನ ವರದಿ ತುಂಬುವ ಮೊದಲು ಆದೇಶ ಬರಲಿ.

ಇಂತಿ,
ಬೀಸುವ ಪದಗಳ ಸಂಶೋಧನಾ ವಿದ್ಯಾರ್ಥಿನಿ
ವಿಜಯಪುರ